ಡಿಸ್ನಿಗೆ ಐದು ರಾತ್ರಿ, ಯೂನಿವರ್ಸಲ್‌ಗೆ ನಾಲ್ಕು: ಎರಡು ಲಕೋಟೆಗಳ ಲೆಕ್ಕ

ನನಗೆ ಖರ್ಚಿನ ಬಿಲ್ಲು ಎಸೆಯುವ ಅಭ್ಯಾಸ ಇಲ್ಲ. ಅಪ್ಪನಿಂದ ಬಂದದ್ದು. ತಿಪಟೂರಿನ ನಮ್ಮ ದಿನಸಿ ಅಂಗಡಿಯಲ್ಲಿ ಅವರು ಚೀಟಿಗಳನ್ನೆಲ್ಲ ಒಂದು ಕಂಬಿಗೆ ಚುಚ್ಚಿ ಇಡುತ್ತಿದ್ದರು. ಪುರುಸೊತ್ತಾದಾಗ ಕೂತು ಒಂದೊಂದಾಗಿ ಕೂಡುತ್ತಿದ್ದರು. ನನ್ನ ಮೇಜಿನ ಡ್ರಾಯರಿನಲ್ಲಿ ಈಗ ಎರಡು ಲಕೋಟೆಗಳಿವೆ. ಒಂದರ ಮೇಲೆ ‘ಡಿಸ್ನಿ, ಏಪ್ರಿಲ್ 2024’ ಅಂತ ಬರೆದಿದೆ. ಇನ್ನೊಂದರ ಮೇಲೆ ‘ಯೂನಿವರ್ಸಲ್, ಏಪ್ರಿಲ್ 2025’.

ಎರಡೂ ಅಮೆರಿಕದ ಫ್ಲೋರಿಡಾದಲ್ಲಿ, ಒರ್ಲಾಂಡೋ ಕಡೆ ಇರುವ ಆಟದ ಪಾರ್ಕುಗಳೇ. ಎರಡಕ್ಕೂ ಹೋದದ್ದು ಅದೇ ನಾಲ್ಕು ಜನ: ನಾನು, ಇವರು, ಮಗಳು, ಮಗ ಪುಟ್ಟ. ಎರಡೂ ಸಲ ಸ್ಪ್ರಿಂಗ್ ಬ್ರೇಕ್ ರಜೆ. ಎರಡೂ ಸಲ ನಾವಿರುವ ಶಾರ್ಲಟ್‌ನಿಂದ ಅದೇ ಕಾರಿನಲ್ಲಿ ಸುಮಾರು 525 ಮೈಲಿ ಹೋಗಿ, ಅಷ್ಟೇ ವಾಪಸ್. ಹಾಗಾಗಿ ಪೆಟ್ರೋಲ್ ಖರ್ಚನ್ನು ಈ ಲೆಕ್ಕದಿಂದ ಹೊರಗಿಟ್ಟಿದ್ದೇನೆ. ಇಲ್ಲಿನ ಕನ್ನಡದ ಗೆಳತಿಯರು ಸಿಕ್ಕಾಗೆಲ್ಲ ‘ಯಾವುದು ಅಗ್ಗ ಹೇಳೇ’ ಅಂತ ಕೇಳುತ್ತಾರೆ. ಲಕೋಟೆ ಬಿಚ್ಚುವವರೆಗೆ ನಾನೂ ಯೂನಿವರ್ಸಲ್ ಅಂತಲೇ ಹೇಳುತ್ತಿದ್ದೆ.

ಮೊದಲು ಒಟ್ಟು ಮೊತ್ತ ಹೇಳಿಬಿಡುತ್ತೇನೆ, ಎಲ್ಲ ತೆರಿಗೆ ಸೇರಿ. ಡಿಸ್ನಿಗೆ 5,240 ಡಾಲರ್. ಯೂನಿವರ್ಸಲ್‌ಗೆ 3,840. ಅಂದರೆ 1,400 ಡಾಲರ್ ವ್ಯತ್ಯಾಸ. ಡಿಸ್ನಿಯ ಮೊತ್ತ ಆಗಿನ ದರದಲ್ಲಿ ನಾಲ್ಕು ಲಕ್ಷ ಮೂವತ್ತು ಸಾವಿರ ರೂಪಾಯಿ ದಾಟಿತ್ತು. ಫೋನಿನಲ್ಲಿ ಅಮ್ಮನಿಗೆ ಬಾಯಿ ತಪ್ಪಿ ಹೇಳಿಬಿಟ್ಟೆ. ಒಂದು ನಿಮಿಷ ಆ ಕಡೆಯಿಂದ ಸದ್ದೇ ಇಲ್ಲ. ಆಮೇಲೆ, ‘ಅಷ್ಟು ದುಡ್ಡಲ್ಲಿ ಮಹಡಿ ಮೇಲೆ ಒಂದು ರೂಮು ಹಾಕಿಸಬಹುದಿತ್ತಲ್ಲೇ’ ಅಂದರು.

ಈಗ ಬಿಡಿಸಿ ನೋಡೋಣ.

ಡಿಸ್ನಿಯ ಟಿಕೆಟ್ಟಿನಿಂದ ಶುರು ಮಾಡುತ್ತೇನೆ, ಯಾಕೆಂದರೆ ನಾನು ಮೊದಲು ಮೋಸ ಹೋದದ್ದು ಅಲ್ಲೇ. ಬೇರೆ ಯಾರೂ ಮೋಸ ಮಾಡಲಿಲ್ಲ, ನಾನೇ ಮಾಡಿಕೊಂಡದ್ದು. ‘3ರಿಂದ 9 ವರ್ಷ: ಮಕ್ಕಳ ದರ’ ಅಂತ ನೋಡಿದ ತಕ್ಷಣ ನನ್ನ ತಲೆಯಲ್ಲಿ ಕೆಎಸ್‌ಆರ್‌ಟಿಸಿ ಬಸ್ಸಿನ ಅರ್ಧ ಟಿಕೆಟ್ ಓಡಿತು. ಮಗಳಿಗೆ ಆಗ 9, ಮಗನಿಗೆ ಐದೂವರೆ. ಎರಡು ಫುಲ್, ಎರಡು ಹಾಫ್ ಅಂತ ಬಾಯಿಲೆಕ್ಕ ಹಾಕಿ ಇವರಿಗೆ ಹೇಳಿದ್ದೆ. ದುಡ್ಡು ಕಟ್ಟುವ ಹೊತ್ತಿಗೆ ನೋಡಿದರೆ, 4 ದಿನದ ಟಿಕೆಟ್ಟಿನಲ್ಲಿ ದೊಡ್ಡವರಿಗೂ ಮಕ್ಕಳಿಗೂ ಇರುವ ವ್ಯತ್ಯಾಸ ಮೂವತ್ತು ಡಾಲರೂ ಇಲ್ಲ! ನಾಲ್ಕು ಜನಕ್ಕೆ 2,640 ಡಾಲರ್ ಆಯಿತು. ಅದೂ ಒಂದು ದಿನಕ್ಕೆ ಒಂದೇ ಪಾರ್ಕ್ ಅನ್ನುವ ಸಾದಾ ಟಿಕೆಟ್. ಅಲ್ಲಿರುವುದು ನಾಲ್ಕು ಪಾರ್ಕ್, ನಾವು ನಾಲ್ಕು ದಿನ ನಾಲ್ಕನ್ನೂ ನೋಡಿದೆವು. ಎರಡು ಕಡೆಯೂ 3 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ನಿಮ್ಮ ಕೂಸಿಗೆ ಎರಡೂಮುಕ್ಕಾಲು ಆಗಿದ್ದರೆ ಜಾತ್ರೆ ಮುಂದೂಡಬೇಡಿ.

ಯೂನಿವರ್ಸಲ್‌ನಲ್ಲಿ ನಾವು ಹೋದಾಗ ಇದ್ದದ್ದು ಎರಡೇ ದೊಡ್ಡ ಪಾರ್ಕ್. ಹೊಸದಾದ ಎಪಿಕ್ ಯೂನಿವರ್ಸ್ ತೆರೆದದ್ದು ಆಮೇಲೆ, 2025ರ ಮೇ 22ಕ್ಕೆ. 3 ದಿನದ ಟಿಕೆಟ್ ತೆಗೆದುಕೊಂಡೆವು. ಇಲ್ಲಿ ಒಂದು ಕೊಕ್ಕೆ ಇದೆ. ಹ್ಯಾರಿ ಪಾಟರ್ ರೈಲು ಒಂದು ಪಾರ್ಕಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಹಾಗಾಗಿ ಒಂದೇ ದಿನ ಎರಡೂ ಪಾರ್ಕಿಗೆ ಹೋಗಬಹುದಾದ ಟಿಕೆಟ್ ಇದ್ದರೆ ಮಾತ್ರ ಅದನ್ನು ಹತ್ತಬಹುದು. ಮಗಳು ವರ್ಷದಿಂದ ಆ ರೈಲಿನ ಜಪ ಮಾಡುತ್ತಿದ್ದಳು. ಬೇಡ ಅನ್ನುವ ಧೈರ್ಯ ಯಾರಿಗಿದೆ? ನಾಲ್ಕು ಜನಕ್ಕೆ 1,760 ಡಾಲರ್. ಅಷ್ಟು ಹೊತ್ತಿಗೆ ಅವಳಿಗೆ ಹತ್ತು ತುಂಬಿ ‘ದೊಡ್ಡವಳು’ ಆಗಿದ್ದಳು ಬೇರೆ.

ಇನ್ನು ಉಳಿದುಕೊಳ್ಳುವುದು. ಡಿಸ್ನಿಯಲ್ಲಿ ಪಾಪ್ ಸೆಂಚುರಿ ಅನ್ನುವ ರೆಸಾರ್ಟ್. ಅವರ ರೆಸಾರ್ಟುಗಳಲ್ಲಿ ಕಡಿಮೆ ದರದ ಗುಂಪಿಗೆ ಸೇರಿದ್ದು. ಐದು ರಾತ್ರಿಗೆ 1,630 ಡಾಲರ್. ರೂಮು ಚಿಕ್ಕದು, ಆದರೆ ಜಾಣತನದಿಂದ ಮಾಡಿದ್ದಾರೆ. ಹಗಲು ಹೊತ್ತು ಗೋಡೆಗೆ ಒಂದು ಊಟದ ಮೇಜು ಇರುತ್ತದೆ. ರಾತ್ರಿ ಗೋಡೆಯಿಂದ ಮಂಚ ಕೆಳಗಿಳಿಸಿದರೆ ಮೇಜು ಅದರಡಿಗೆ ಮಡಚಿಕೊಂಡು ಹೋಗಿಬಿಡುತ್ತದೆ. ಪುಟ್ಟ ಮೊದಲ ದಿನ ಅದನ್ನೇ ಇಪ್ಪತ್ತು ಸಲ ಮಾಡಿಸಿದ. ಫ್ರಿಜ್ ಇದೆ, ರೂಮಿನಲ್ಲಿ ಮೈಕ್ರೋವೇವ್ ಇಲ್ಲ, ಅದು ಕೆಳಗೆ ಫುಡ್ ಕೋರ್ಟಿನಲ್ಲಿ. ಹೊರಗೆ ಬಂದರೆ ಸ್ಕೈಲೈನರ್, ಅಂದರೆ ತಂತಿಯ ಮೇಲೆ ತೂಗುತ್ತ ಹೋಗುವ ತೊಟ್ಟಿಲು. ಎಪ್ಕಾಟ್ ಮತ್ತು ಹಾಲಿವುಡ್ ಸ್ಟುಡಿಯೋಸ್ ಪಾರ್ಕಿಗೆ ಅದರಲ್ಲೇ ಹೋಗಬಹುದು, ಉಳಿದೆರಡಕ್ಕೆ ಬಸ್ಸು. ಎಲ್ಲವೂ ಉಚಿತ. ಅಲ್ಲಿ ಉಳಿದವರಿಗೆ ರೆಸಾರ್ಟಿನಲ್ಲೂ ಪಾರ್ಕಿನಲ್ಲೂ ಕಾರು ನಿಲ್ಲಿಸಲು ದುಡ್ಡಿಲ್ಲ. ಆಗ ಇದನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ. ಮರುವರ್ಷ ಗೊತ್ತಾಯಿತು.

ಯೂನಿವರ್ಸಲ್‌ನಲ್ಲಿ ರೂಮಿನ ದರ ನೋಡಿ ಹಿಗ್ಗಿದ್ದೆ. ಸರ್ಫ್‌ಸೈಡ್ ಅನ್ನುವ ಅವರ ಅಗ್ಗದ ರೆಸಾರ್ಟಿನಲ್ಲಿ ತೆರಿಗೆ ಸೇರಿ ರಾತ್ರಿಗೆ 200 ಡಾಲರ್. ಆದರೆ ಕಾರು ನಿಲ್ಲಿಸುವುದಕ್ಕೆ ಪ್ರತಿ ರಾತ್ರಿ ಬೇರೆ ಬಿಲ್ಲು. ನಾಲ್ಕು ರಾತ್ರಿಗೆ ಹೀಗೆ 90 ಡಾಲರ್ ಹೋಯಿತು. ರೂಮಿನ ದರದ ಪಕ್ಕದಲ್ಲೇ ಬರೆದಿತ್ತು, ನಾನು ಓದಿರಲಿಲ್ಲ ಅಷ್ಟೇ.

ಈಗ ಈ ಲೆಕ್ಕದ ನಿಜವಾದ ತಿರುಳಿಗೆ ಬರುತ್ತೇನೆ: ಸಾಲು. ಇಂಥ ಜಾಗಗಳಲ್ಲಿ ದುಡ್ಡು ಕೊಟ್ಟು ಕೊಳ್ಳುವುದು ಆಟವನ್ನಲ್ಲ, ಹೊತ್ತನ್ನು. ರಜೆಯ ದಿನ ಒಂದು ಒಳ್ಳೆಯ ರೈಡಿಗೆ ಒಂದು ಗಂಟೆ, ಒಂದೂವರೆ ಗಂಟೆ ನಿಲ್ಲಬೇಕು. ತಪ್ಪಿಸಿಕೊಳ್ಳಬೇಕಾದರೆ ಎರಡೂ ಕಡೆ ದಾರಿ ಇದೆ, ಆದರೆ ಎರಡರ ರೀತಿ ಪೂರ್ತಿ ಬೇರೆ.

ಡಿಸ್ನಿಯಲ್ಲಿ ನಾವು ಹೋದಾಗ ಇದ್ದದ್ದು ಜೀನಿ ಪ್ಲಸ್, ಅಂದರೆ ಫೋನಿನಲ್ಲಿ ರೈಡಿಗೆ ಹೊತ್ತು ಕಾದಿರಿಸಿ ಚಿಕ್ಕ ಸಾಲಿನಲ್ಲಿ ಹೋಗುವ ವ್ಯವಸ್ಥೆ. ಒಬ್ಬರಿಗೆ ದಿನಕ್ಕೆ ಹತ್ತಿರ ಹತ್ತಿರ 30 ಡಾಲರ್. ನಾಲ್ಕು ದಿನದಲ್ಲಿ ಎರಡು ದಿನ ಮಾತ್ರ ಕೊಂಡೆವು, 240 ಡಾಲರ್. ಇದು ನಮ್ಮ ರೈಲಿನ ತತ್ಕಾಲ್ ಇದ್ದ ಹಾಗೆ. ಬೆಳಿಗ್ಗೆ ಸರಿಯಾಗಿ 7 ಗಂಟೆಗೆ ಫೋನ್ ಹಿಡಿದು ಕೂತಿರಬೇಕು. ಮೊದಲ ದಿನ ಅಲಾರಂ ಇಟ್ಟಿದ್ದು ಸಂಜೆ 7ಕ್ಕೆ! ಎದ್ದು ನೋಡಿದಾಗ 7:40, ಮಕ್ಕಳಿಗೆ ಬೇಕಾಗಿದ್ದ ರೈಡಿಗೆ ಸಿಕ್ಕ ಹೊತ್ತು ಮಧ್ಯಾಹ್ನ ಮೂರರ ಮೇಲೆ. ಎರಡನೇ ದಿನ ಇವರು ಒಂದು ಫೋನು, ನಾನೊಂದು ಫೋನು. ಒಂದು ರೈಡ್ ಮುಗಿಸಿ ಇನ್ನೊಂದು ಹುಡುಕುತ್ತಾ ಇಡೀ ದಿನ ಪರದೆ ನೋಡುವುದೇ ಆಯಿತು. ಈಗ ಆ ಹೆಸರಿಲ್ಲ. 2024ರ ಜುಲೈನಿಂದ ಲೈಟ್ನಿಂಗ್ ಲೇನ್ ಮಲ್ಟಿ ಪಾಸ್ ಬಂದಿದೆ. ಅವರ ರೆಸಾರ್ಟಿನಲ್ಲಿ ಉಳಿಯುವವರು 7 ದಿನ ಮೊದಲೇ, ಹೊರಗಿನವರು 3 ದಿನ ಮೊದಲೇ ಕಾದಿರಿಸಬಹುದು. ಬೆಳಗಿನ ಆ ಪೇಚಾಟ ಅಷ್ಟು ಇರುವುದಿಲ್ಲ.

ಯೂನಿವರ್ಸಲ್‌ನ ಎಕ್ಸ್‌ಪ್ರೆಸ್ ಪಾಸ್ ದೇವಸ್ಥಾನದ ಶೀಘ್ರದರ್ಶನದ ಹಾಗೆ. ಕಾದಿರಿಸುವುದಿಲ್ಲ, ಫೋನು ನೋಡುವುದಿಲ್ಲ, ಬೇರೆ ಸಾಲಿನಲ್ಲಿ ಹೋಗಿಬಿಡುವುದು. ಆದರೆ ಬಿಡಿಯಾಗಿ ಕೊಂಡರೆ ರಜೆಯ ದಿನಗಳಲ್ಲಿ ಒಬ್ಬರಿಗೆ ಒಂದು ದಿನಕ್ಕೆ 200 ಡಾಲರ್ ದಾಟುತ್ತದೆ. ನಮ್ಮಂಥವರು ಅದರ ಬೆಲೆ ನೋಡಿ ಪುಟ ಮುಚ್ಚುವುದೇ.

ಇಲ್ಲೇ ಒಂದು ಉಪಾಯ ಇದೆ. ಆಫೀಸಿನ ಗುಜರಾತಿ ಸಹೋದ್ಯೋಗಿಯೊಬ್ಬಳು ಹೇಳಿಕೊಟ್ಟದ್ದು. ಯೂನಿವರ್ಸಲ್‌ನ ದುಬಾರಿ ಹೋಟೆಲುಗಳಲ್ಲಿ ಈ ಉಪಾಯಕ್ಕೆ ಒದಗುವುದು ಮೂರು: ಪೋರ್ಟೋಫಿನೋ ಬೇ, ಹಾರ್ಡ್ ರಾಕ್, ರಾಯಲ್ ಪೆಸಿಫಿಕ್. ಇಲ್ಲಿ ಉಳಿದರೆ ರೂಮಿನಲ್ಲಿ ಇರುವ ಎಲ್ಲರಿಗೂ ಆ ಎರಡು ಹಳೆಯ ಪಾರ್ಕುಗಳ ಎಕ್ಸ್‌ಪ್ರೆಸ್ ಪಾಸ್ ಸೇರಿಯೇ ಸಿಗುತ್ತದೆ. ಅದೂ ಬಂದ ದಿನ ಮತ್ತು ಬಿಡುವ ದಿನ, ಎರಡೂ ದಿನ. ಒಂದು ರಾತ್ರಿ ಉಳಿದರೆ ಎರಡು ದಿನದ ಪಾಸ್! ಹಾಗಾಗಿ ಮೊದಲ ರಾತ್ರಿ ಸರ್ಫ್‌ಸೈಡ್, ಎರಡನೇ ರಾತ್ರಿ ರಾಯಲ್ ಪೆಸಿಫಿಕ್, ಕೊನೆಯ ಎರಡು ರಾತ್ರಿ ಮತ್ತೆ ಸರ್ಫ್‌ಸೈಡ್. ರಾಯಲ್ ಪೆಸಿಫಿಕ್‌ನ ಆ ಒಂದು ರಾತ್ರಿಗೆ 640 ಡಾಲರ್. ಸರ್ಫ್‌ಸೈಡಿಗಿಂತ 440 ಜಾಸ್ತಿ. ಆದರೆ ಪಾಸನ್ನೇ ಬಿಡಿಯಾಗಿ ಕೊಂಡಿದ್ದರೆ ನಾಲ್ಕು ಜನಕ್ಕೆ ಎರಡು ದಿನಕ್ಕೆ 1,600ರ ಮೇಲೆ ಆಗುತ್ತಿತ್ತು.

ಬೆಳಿಗ್ಗೆ ಏಳಕ್ಕೇ ರಾಯಲ್ ಪೆಸಿಫಿಕ್ ತಲುಪಿದೆವು. ರೂಮು ಸಂಜೆ ನಾಲ್ಕಕ್ಕೆ, ಅದರ ಗೊಡವೆ ನಮಗೆ ಬೇಕಾಗಿಯೂ ಇರಲಿಲ್ಲ. ಚೀಲಗಳನ್ನು ಅವರ ಹತ್ತಿರ ಬಿಟ್ಟು, ಲಾಬಿಯ ಯಂತ್ರದ ಮುಂದೆ ಒಬ್ಬೊಬ್ಬರಾಗಿ ನಿಂತು ಫೋಟೋ ತೆಗೆಸಿಕೊಂಡು, ಪಾಸ್ ಹಿಡಿದು ನಡೆದುಕೊಂಡೇ ಪಾರ್ಕಿಗೆ ಹೋದೆವು. ರಾತ್ರಿ ಎಂಟಕ್ಕೆ ರೂಮಿಗೆ ಬಂದು ಬಿದ್ದವರು ಬೆಳಿಗ್ಗೆ ಆರೂವರೆಗೆ ಎದ್ದೆವು. ಈಜುಕೊಳದ ಮುಖ ಕೂಡ ನೋಡಲಿಲ್ಲ. 640 ಡಾಲರಿನ ರೂಮಿನಲ್ಲಿ ನಾವು ಮಾಡಿದ್ದು ನಿದ್ದೆ ಒಂದೇ. ಆದರೂ ನನಗೆ ಬೇಸರ ಇಲ್ಲ. ಆ ಎರಡು ದಿನದಲ್ಲಿ ಆಡಿದಷ್ಟು ಡಿಸ್ನಿಯ ನಾಲ್ಕು ದಿನದಲ್ಲಿ ಆಡಿಲ್ಲ. ಪಾಸ್ ಇಲ್ಲದ ಮೂರನೇ ದಿನ ಮಾಮೂಲಿ ಸಾಲಿನಲ್ಲಿ ನಿಂತಾಗ ಮಕ್ಕಳು ಅರಮನೆಯಿಂದ ಹೊರಬಿದ್ದ ರಾಜಕುಮಾರರ ಹಾಗೆ ಮುಖ ಮಾಡಿಕೊಂಡಿದ್ದರು.

ಆದರೆ ‘ಆಡಿದ್ದು’ ಅಂದರೆ ಯಾರು? ಬಿಡದಿಯ ವಂಡರ್‌ಲಾದಲ್ಲಿ ಮಕ್ಕಳ ಟಿಕೆಟ್ಟನ್ನು ಎತ್ತರ ನೋಡಿ ಕೊಡುತ್ತಾರೆ. ಒರ್ಲಾಂಡೋದಲ್ಲಿ ಟಿಕೆಟ್ಟಿಗೆ ವಯಸ್ಸು ನೋಡುತ್ತಾರೆ, ಆಟಕ್ಕೆ ಎತ್ತರ ನೋಡುತ್ತಾರೆ. ಪುಟ್ಟ ಡಿಸ್ನಿಗೆ ಹೋದಾಗ 44 ಇಂಚು ದಾಟಿದ್ದ, ಕೂದಲೆಳೆಯಷ್ಟು. ಅಲ್ಲಿ ಸ್ಪೇಸ್ ಮೌಂಟನ್‌ಗೆ 44, ಸ್ಲಿಂಕಿ ಡಾಗ್‌ಗೆ 38. ಬಹುತೇಕ ಎಲ್ಲದಕ್ಕೂ ಪಾಸಾದ. ಮರುವರ್ಷ ಯೂನಿವರ್ಸಲ್‌ಗೆ ಹೋದಾಗ 46. ಅಲ್ಲಿ ದೊಡ್ಡ ರೈಡುಗಳಿಗೆ 48 ಬೇಕು, ಹಲ್ಕ್‌ಗಂತೂ 54. ಅಳತೆಗೋಲಿನ ಕೆಳಗೆ ಬೆನ್ನು ನೆಟ್ಟಗೆ ಮಾಡಿ, ಹಿಮ್ಮಡಿ ಮೆಲ್ಲಗೆ ಎತ್ತಿ ನಿಂತ. ಅಲ್ಲಿದ್ದ ಹುಡುಗಿ ನಗುತ್ತಾ ಅವನ ಭುಜ ಒತ್ತಿದಳು. ಕೋಲಿಗೂ ತಲೆಗೂ ನಡುವೆ ನನ್ನ ಎರಡು ಬೆರಳು ಹಿಡಿಯುವಷ್ಟು ಜಾಗ ಇತ್ತು. ಅಪ್ಪ-ಅಮ್ಮ ಒಬ್ಬರಾದ ಮೇಲೊಬ್ಬರು ಹೋಗಿ ಬರುವ ಚೈಲ್ಡ್ ಸ್ವಾಪ್ ವ್ಯವಸ್ಥೆ ಇದೆ, ಸರಿ. ಆದರೆ ಅವನಿಗೆ ಅದರಿಂದ ಏನು ಬಂತು? 400 ಡಾಲರಿಗೂ ಮೇಲಿನ ಟಿಕೆಟ್ಟಿನಲ್ಲಿ ಅವನು ಅರ್ಧದಷ್ಟನ್ನೂ ಬಳಸಲಿಲ್ಲ. ಮಂತ್ರದಂಡ ಕೊಡಿಸಿ ಸಮಾಧಾನ ಮಾಡಬೇಕಾಯಿತು. ಅಕ್ಕನಿಗೂ ಒಂದು. ಒಂದೊಂದಕ್ಕೆ 60 ಡಾಲರ್ ದಾಟಿತು. ಲಕೋಟೆಯಲ್ಲಿ ‘ಇತರೆ’ ಅಂತ 260 ಡಾಲರ್ ಇದೆ, ಅದರ ಅರ್ಧ ಈ ಎರಡು ಕೋಲು. ಡಿಸ್ನಿಯಲ್ಲಿ ‘ಇತರೆ’ 150ಕ್ಕೆ ನಿಂತಿತ್ತು.

ಊಟದ ಖರ್ಚು ಡಿಸ್ನಿಯಲ್ಲಿ 580, ಯೂನಿವರ್ಸಲ್‌ನಲ್ಲಿ 490. ದಿನ ಕಡಿಮೆ ಇದ್ದರೂ ಅಷ್ಟು ಆಗಲು ಕಾರಣ ಇದೆ. ಡಿಸ್ನಿಯಲ್ಲಿ ಹೊರಗಿನ ತಿಂಡಿ ಒಯ್ಯಬಹುದು. ಚಪಾತಿ, ಪುಳಿಯೋಗರೆ, ಚಟ್ನಿಪುಡಿ ಎಲ್ಲ ಚೀಲದಲ್ಲಿ ಒಳಗೆ ಬಂದವು. ತಪಾಸಣೆಯಲ್ಲಿ ಒಬ್ಬಾಕೆ ಚಟ್ನಿಪುಡಿ ಡಬ್ಬಿ ತೆರೆದು ಮೂಸಿ, ಸೀನಿ, ಮುಚ್ಚಿ ಕೊಟ್ಟಳು. ಯೂನಿವರ್ಸಲ್‌ನಲ್ಲಿ ಚಿಕ್ಕಪುಟ್ಟ ಕುರುಕಲಿಗೆ ಮಾತ್ರ ಅವಕಾಶ, ಮಧ್ಯಾಹ್ನದ ಊಟ ಒಳಗೇ ಕೊಂಡೆವು. ಎರಡೂ ಕಡೆ ಕೌಂಟರಿನಲ್ಲಿ ಕೇಳಿದರೆ ಐಸ್ ನೀರು ಸುಮ್ನೆ ಕೊಡುತ್ತಾರೆ, ಬಾಟಲಿ ಕೊಳ್ಳಬೇಡಿ.

ಡಿಸ್ನಿಯ ಊಟದ ಲೆಕ್ಕದಲ್ಲಿ ಒಂದು ಬಿಲ್ಲನ್ನು ಮಾತ್ರ ನಾನು ಖುಷಿಯಿಂದ ನೋಡುತ್ತೇನೆ. ಅನಿಮಲ್ ಕಿಂಗ್ಡಮ್ ಲಾಡ್ಜ್ ಕಡೆ ಸನಾ ಅನ್ನುವ ರೆಸ್ಟೋರೆಂಟ್ ಇದೆ. ಅಲ್ಲಿ ನಾನ್, ಕುಲ್ಚಾ ಥರದ ರೊಟ್ಟಿಗಳ ತಟ್ಟೆ, ಜೊತೆಗೆ ಒಂಬತ್ತು ಬಗೆಯ ಚಟ್ನಿ, ರಾಯಿತ. ಇಪ್ಪತ್ತು ಚಿಲ್ಲರೆ ಡಾಲರ್. ಕಿಟಕಿಯಾಚೆ ಜಿರಾಫೆ, ಜೀಬ್ರಾ ಮೇಯುತ್ತಿರುತ್ತವೆ. ಇದು ಪಾರ್ಕಿನ ಹೊರಗೆ, ಟಿಕೆಟ್ ಬೇಕಾಗಿಲ್ಲ.

ಎರಡೂ ಲಕೋಟೆ ಹರಡಿಕೊಂಡು ಕೂತಾಗ ಇವರು ಕ್ಯಾಲ್ಕ್ಯುಲೇಟರ್ ತೆಗೆದು ಇನ್ನೊಂದು ಲೆಕ್ಕ ಮಾಡಿದರು. 5,240ನ್ನು 4 ಪಾರ್ಕ್ ದಿನಕ್ಕೆ ಭಾಗಿಸಿದರೆ 1,310. 3,840ನ್ನು 3 ದಿನಕ್ಕೆ ಭಾಗಿಸಿದರೆ 1,280. ದಿನಕ್ಕೆ ಬರೀ 30 ಡಾಲರ್ ವ್ಯತ್ಯಾಸ! 1,400 ಉಳಿಸಿದೆ ಅಂತ ವರ್ಷವಿಡೀ ಜಂಬ ಕೊಚ್ಚಿಕೊಂಡಿದ್ದೆ. ಉಳಿದದ್ದು ಒಂದು ದಿನ ಕಡಿಮೆ ಇದ್ದದ್ದರಿಂದ. ಮಂತ್ರದಂಡ ಒಂದು ಹೆಚ್ಚು ಕೊಂಡಿದ್ದರೆ ಆ ಮೂವತ್ತೂ ಮುಕ್ಕಾಲು ಪಾಲು ಹೋಗುತ್ತಿತ್ತು.

ಆದ್ದರಿಂದ ಗೆಳತಿಯರಿಗೆ ಈಗ ನಾನು ದರ ಹೇಳುವುದಿಲ್ಲ, ಎತ್ತರ ಕೇಳುತ್ತೇನೆ. ಮನೆಯ ಚಿಕ್ಕ ಮಗು 48 ಇಂಚು ದಾಟಿದ್ದರೆ ಯೂನಿವರ್ಸಲ್, ಆ ಒಂದು ರಾತ್ರಿಯ ಉಪಾಯದ ಜೊತೆಗೆ. ದಾಟಿಲ್ಲದಿದ್ದರೆ ಡಿಸ್ನಿ, ಚಟ್ನಿಪುಡಿ ಜೊತೆಗೆ.

ಅಮ್ಮ ಡಿಸೆಂಬರಿನಲ್ಲಿ ಬರುತ್ತಿದ್ದಾರೆ. ಅವರಿಗೆ 68. ಎರಡೂ ಕಡೆ ವಯಸ್ಸಾದವರಿಗೆ ಅಂತ ಟಿಕೆಟ್ಟಿನಲ್ಲಿ ರಿಯಾಯಿತಿ ಇಲ್ಲ. ‘ಡಿಸ್ನಿಗೆ ಕರ್ಕೊಂಡು ಹೋಗ್ತೀನಿ, ಒಂದು ದಿನಕ್ಕೆ ಇಷ್ಟಾಗುತ್ತೆ’ ಅಂತ ಮೊನ್ನೆ ಫೋನಿನಲ್ಲಿ ಹೇಳಿದೆ. ಈ ಸಲ ಆ ಕಡೆ ಮೌನ ಇರಲಿಲ್ಲ. ‘ನಂಗೆ ಟಿಕೆಟ್ಟು ಗಿಕೆಟ್ಟು ಬೇಡ ಕಣೇ. ಜಿರಾಫೆ ನೋಡ್ತಾ ರೊಟ್ಟಿ ತಿಂದೆವು ಅಂದ್ಯಲ್ಲ, ಅಲ್ಲಿಗೆ ಕರ್ಕೊಂಡು ಹೋಗು ಸಾಕು. ನೀವು ನಾಲ್ಕು ಜನ ಬೇಕಾದ್ರೆ ಕುಣೀರಿ’ ಅಂದರು.