ಮಲಗಿಸಿಯೇ ಹಾಕಬಹುದಾದ ಜಬಲಾ: ಗಾಂಧಿ ಬಜಾರಿನ ಒಂದು ಟೈಲರ್ ಅಂಗಡಿ

ನನ್ನ ಮಗಳಿಗೆ ಅಕಾಂಡ್ರೋಪ್ಲಾಸಿಯಾ ಇದೆ, ಅಂದ್ರೆ ಹುಟ್ಟಿನಿಂದಲೇ ಮೂಳೆ ಬೆಳೆಯುವ ರೀತಿಯೇ ಬೇರೆ. ತಲೆ ದೊಡ್ಡದು, ಮೈ ಉದ್ದ ಬೇರೆ ಮಕ್ಕಳ ಹಾಗೇ, ಕೈಕಾಲು ಮಾತ್ರ ಗಿಡ್ಡ. ಸುಮಾರು 25,000 ಮಕ್ಕಳಲ್ಲಿ ಒಬ್ಬರಿಗೆ ಹೀಗಿರುತ್ತದೆ, ಹೆಚ್ಚಿನವರ ಅಪ್ಪ ಅಮ್ಮ ಸಾಮಾನ್ಯ ಎತ್ತರದವರೇ. ಹಾಗಾಗಿ ಬಟ್ಟೆ ವಿಷಯದಲ್ಲಿ ಮನೆಯ ಹಿರಿಯರನ್ನು ಕೇಳೋಣ ಅಂದ್ರೆ ಅವರಿಗೂ ಇದು ಹೊಸದು.

ರೆಡಿಮೇಡ್‌ನಲ್ಲಿ ಸೈಜ್ ಅಂದ್ರೆ ತಿಂಗಳ ಲೆಕ್ಕ. ತಲೆ ತೂರಬೇಕು ಅಂತ ದೊಡ್ಡ ಸೈಜ್ ತಂದರೆ ತೋಳು ಬೆರಳು ದಾಟಿ ನೇತಾಡುತ್ತದೆ, ಮಡಚಿದರೆ ಮುಂಗೈ ಹತ್ತಿರ ದಪ್ಪ ಸುರುಳಿಯಾಗಿ ಕೂತು ಪಾಪ ಅವಳಿಗೆ ಕೈ ಬಾಯಿಗೆ ಒಯ್ಯೋದೇ ಕಷ್ಟ. ಅದಕ್ಕಿಂತ ಮುಖ್ಯ ಕುತ್ತಿಗೆ. ಈ ಮಕ್ಕಳ ತಲೆ ಭಾರ, ಕುತ್ತಿಗೆ ನಿಲ್ಲುವುದು ತಡ, ಬೆನ್ನಿಗೆ ಬಲ ಬರುವ ತನಕ ಆಧಾರವಿಲ್ಲದೆ ಕೂರಿಸಬೇಡಿ ಅಂತಾರೆ ಡಾಕ್ಟರು. ತಲೆ ಮೇಲಿಂದ ಎಳೆದು ಹಾಕುವ ಬಟ್ಟೆ ನಮಗೆ ಬೇಡವೇ ಬೇಡ.

ಗಾಂಧಿ ಬಜಾರಿನ ಈ ಚಿಕ್ಕ ಅಂಗಡಿಯ ಆಂಟಿ "ತಿಂಗಳು ಹೇಳ್ಬೇಡಮ್ಮ, ಮಗೂನ ತೋರಿಸು" ಅಂದರು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಬೆಡ್‌ಶೀಟ್ ಮಡಚಿ ಹಾಸಿ, ನಾನು ತಲೆ ಹಿಡಿದಿದ್ದಾಗ ಎದೆ, ಸೊಂಟ, ಭುಜದಿಂದ ಮಣಿಕಟ್ಟು, ತೊಡೆ ಸುತ್ತಳತೆ ಎಲ್ಲ ಬೇರೆ ಬೇರೆಯಾಗಿ ಬರೆದುಕೊಂಡರು. ಮುಂದೆ ಪೂರ್ತಿ ತೆರೆಯುವ ಜಬಲಾ, ಲಾಡಿ ಪಕ್ಕಕ್ಕೆ, ಬೆನ್ನ ಕೆಳಗೆ ಗಂಟು ಒತ್ತುವುದಿಲ್ಲ. ತೋಳನ್ನು ಸುಮ್ನೆ ಗಿಡ್ಡ ಮಾಡಿ ಕೊಟ್ಟಿಲ್ಲ: ಕಂಕುಳಲ್ಲಿ ಅಗಲ ಹಾಗೇ ಬಿಟ್ಟು ಮಣಿಕಟ್ಟಿನ ಕಡೆ ಸಣ್ಣ ಮಾಡಿದ್ದಾರೆ, ಅದಕ್ಕೇ ಕೈ ಸಲೀಸಾಗಿ ಒಳಗೆ ಹೋಗುತ್ತದೆ, ಒಂದು ಮಡಿಕೆಯೂ ಬೇಕಿಲ್ಲ. ಚಡ್ಡಿಗೆ ಕೂರುವ ಕಡೆ ಜಾಸ್ತಿ ಬಟ್ಟೆ, ಕಾಲು ಗಿಡ್ಡ, ತೊಡೆಗೆ ಎಲಾಸ್ಟಿಕ್ ಇಲ್ಲ. ಅಳತೆಗೆ ಹೊಲಿದ ಕುಲಾವಿ ಹಣೆಗೆ ಗೆರೆ ಮೂಡಿಸದೆ ಕಿವಿ ಪೂರ್ತಿ ಮುಚ್ಚುತ್ತದೆ. ಎಷ್ಟು ಖುಷಿ ಆಯ್ತು ಅಂದ್ರೆ, ಮಗಳ ಮೈಗೆ ಅಂತಲೇ ಮಾಡಿದ ಬಟ್ಟೆ ನಾನು ನೋಡಿದ್ದೇ ಅದು ಮೊದಲು.

ಜಬಲಾ ಒಂದಕ್ಕೆ 150 ರೂಪಾಯಿ ಮಜೂರಿ, ಬಟ್ಟೆ ನಾವೇ ಕೊಡಬೇಕು. ರೆಡಿಮೇಡ್‌ಗಿಂತ ತುಂಬಾ ಅಗ್ಗ ಏನಲ್ಲ.

ಕೊರತೆಯೂ ಇದೆ. ಲಾಡಿ ಹೊಲಿಗೆ ಒಗೆದಂತೆ ಸಡಿಲವಾಯಿತು, ಎರಡು ಹೊಲಿಗೆ ಹಾಕಿ ಅಂತ ಮೊದಲೇ ಹೇಳಿ. ದೀಪಾವಳಿ ಹತ್ತಿರ ಬಂದರೆ ಹೊಸ ಆರ್ಡರ್ ತಗೊಳ್ಳುವುದಿಲ್ಲ. ಚಳಿಗಾಲದ ದಪ್ಪ ಬಟ್ಟೆ ಹೊಲಿಯುವುದಿಲ್ಲ, ಸ್ವೆಟರ್‌ಗೆ ಬೇರೆ ಕಡೆ ಹುಡುಕಲೇಬೇಕು.

ಹೋಗುವವರು ಮಲ್ ಬಟ್ಟೆಯನ್ನು (ತೆಳು ಹತ್ತಿ ಬಟ್ಟೆ) ಒಮ್ಮೆ ನೆನೆಸಿ ಒಣಗಿಸಿಯೇ ಕೊಡಿ, ಹತ್ತಿ ಕುಗ್ಗುತ್ತದೆ. ಮಗು ಹಾಲು ಕುಡಿದು ನಿದ್ದೆ ಮುಗಿಸಿದ ಹೊತ್ತಿಗೆ ಹೋದರೆ ಅಳತೆ ಬೇಗ ಆಗುತ್ತದೆ, ಆಂಟಿ ಅವಸರ ಮಾಡುವುದಿಲ್ಲ.