ಸೈಕಲ್ ರೇಸ್ ನೋಡೋದು ಹೇಗೆ: ಪೂರ್ತಿ ಲೈವ್, ಕೊನೆಯ ಒಂದು ಗಂಟೆ, ಹೈಲೈಟ್ಸ್, ಇಲ್ಲಾ ಬರೀ ಅಪ್‌ಡೇಟ್?

ಟೂರ್ ಡಿ ಫ್ರಾನ್ಸ್ ಒಂದರಲ್ಲೇ 21 ಸ್ಟೇಜ್, ಅಂದರೆ ದಿನಕ್ಕೊಂದರಂತೆ 21 ರೇಸ್; ಎಲ್ಲದರ ಒಟ್ಟು ಸಮಯ ಕಡಿಮೆ ಇದ್ದವರು ಟೂರ್ ಗೆದ್ದಂತೆ. ಹೆಚ್ಚಿನವು ನಾಲ್ಕೈದು ಗಂಟೆ ನಡೆಯುತ್ತವೆ. ಅದಕ್ಕೂ ಮುಂಚೆ ಇಟಲಿಯ ಜಿರೋ, ಆಮೇಲೆ ಸ್ಪೇನಿನ ವುಎಲ್ಟಾ, ಮಾರ್ಚ್-ಏಪ್ರಿಲ್‌ನಲ್ಲಿ ಒಂದು ದಿನದ ಕ್ಲಾಸಿಕ್ ರೇಸ್‌ಗಳು. ಎಲ್ಲವನ್ನೂ ನೋಡುತ್ತಾ ಕೂತರೆ ನಾವು ಸೈಕಲ್ ತುಳಿಯೋದು ಯಾವಾಗ? ನಾನು ಬೆಂಗಳೂರಿನವನು, ವಾರಾಂತ್ಯದ ಸವಾರ. ಬೆಳಗ್ಗೆ ಐದಕ್ಕೆ ಎದ್ದು ನಂದಿ ಬೆಟ್ಟದ ಕಡೆ ಹೊರಟು ತಿಂಡಿ ಹೊತ್ತಿಗೆ ಮನೆ ಸೇರುವ ಜಾತಿ. ವಾರದ ದಿನ ಆಫೀಸು. ಹಾಗಾಗಿ ರೇಸ್ ನೋಡಲು ಇರುವ ದಾರಿಗಳನ್ನೆಲ್ಲ ಒಂದೊಂದಾಗಿ ಪ್ರಯತ್ನಿಸಿದ್ದೇನೆ. ಯಾವ ರೇಸಿಗೆ ಯಾವುದು ಸರಿ ಅನ್ನೋದರ ಬಗ್ಗೆ ನನಗೀಗ ಗಟ್ಟಿ ಅಭಿಪ್ರಾಯಗಳಿವೆ.

ಮೊದಲು ಗಡಿಯಾರದ ವಿಷಯ. ಬೇಸಿಗೆಯಲ್ಲಿ ಫ್ರಾನ್ಸ್ ನಮಗಿಂತ ಮೂರೂವರೆ ಗಂಟೆ ಹಿಂದೆ. ಟೂರ್ ಸ್ಟೇಜ್ ಸಾಮಾನ್ಯವಾಗಿ ನಮ್ಮ ರಾತ್ರಿ ಒಂಬತ್ತರ ಆಸುಪಾಸಿಗೆ ಮುಗಿಯುತ್ತದೆ. ಊಟದ ಹೊತ್ತು, ಬಹಳ ಅನುಕೂಲ. ಮಿಲಾನ್–ಸಾನ್ ರೆಮೊ ಮಾತ್ರ ಮಾರ್ಚ್‌ನಲ್ಲಿ, ಯುರೋಪಿನವರು ಗಡಿಯಾರ ಮುಂದೆ ತಿರುಗಿಸುವ ಮುಂಚೆ ಬರುತ್ತದೆ. ಆಗ ಅಂತರ ನಾಲ್ಕೂವರೆ ಗಂಟೆ. ಇದನ್ನು ಮರೆತು ಟಿವಿ ಹಾಕಿದರೆ ಒಂದು ಗಂಟೆ ಸುಮ್ನೆ ಕಾಯಬೇಕು.

ಪೂರ್ತಿ ಲೈವ್ ನೋಡುವುದಕ್ಕೆ ನನ್ನ ಲೆಕ್ಕದಲ್ಲಿ ಯೋಗ್ಯವಾದ ರೇಸ್‌ಗಳು ಕಡಿಮೆ. ಮೊದಲನೆಯದು ಪ್ಯಾರಿಸ್–ರೂಬೆ. ಏಪ್ರಿಲ್‌ನ ಒಂದು ಭಾನುವಾರ, ಸುಮಾರು 260 ಕಿಲೋಮೀಟರ್, ಅದರಲ್ಲಿ 55 ಕಿಲೋಮೀಟರ್‌ನಷ್ಟು ಕಲ್ಲು ಹಾಸಿದ ಹಳೇ ಹೊಲದ ದಾರಿ. ಹೆಸರಲ್ಲಿ ಪ್ಯಾರಿಸ್ ಇದ್ದರೂ ಹೊರಡುವುದು ಕಾಂಪಿಯೆನ್ ಅನ್ನುವ ಊರಿಂದ. ಮೊದಲ 95 ಕಿಲೋಮೀಟರ್‌ನಲ್ಲಿ ಒಂದು ಕಲ್ಲೂ ಸಿಗುವುದಿಲ್ಲ, ಅಷ್ಟರಲ್ಲಿ ಊಟ ಮುಗಿಸಿ ಒಂದು ಸಣ್ಣ ನಿದ್ದೆ ತೆಗೆಯಬಹುದು. ಮೊದಲ ಕಲ್ಲು ದಾರಿ ಬಂದ ಮೇಲೆ ಎದ್ದು ಹೋಗೋ ಹಾಗಿಲ್ಲ. ಎಲ್ಲಿ ಬೇಕಾದರೂ ಪಂಕ್ಚರ್, ಎಲ್ಲಿ ಬೇಕಾದರೂ ಬೀಳಾಟ. 2023ರಲ್ಲಿ ವೌಟ್ ವಾನ್ ಆರ್ಟ್ ಮತ್ತು ಮತ್ಯೂ ವಾನ್ ಡೆರ್ ಪೂಲ್ ಇಬ್ಬರೇ ಮುಂದಿದ್ದಾರೆ, ಕೊನೆಯ ಕಷ್ಟದ ಕಲ್ಲು ದಾರಿ ಕಾರ್‌ಫೂರ್ ಡೆ ಲಾರ್ಬ್ರ್, ಅಲ್ಲೇ ವಾನ್ ಆರ್ಟ್ ಚಕ್ರದ ಗಾಳಿ ಹೋಯಿತು, ಅಲ್ಲಿಗೆ ರೇಸ್ ಮುಗಿಯಿತು. ಅದಕ್ಕೂ ಹಿಂದೆ 2016ರಲ್ಲಿ ಮ್ಯಾಥ್ಯೂ ಹೇಮನ್ ಗೆದ್ದಿದ್ದು ಇನ್ನೂ ಚೆಂದ. ಅವನು ಬ್ರೇಕ್‌ಅವೇಗೆ (ದೊಡ್ಡ ಗುಂಪು ಬಿಟ್ಟು ಮುಂದೆ ಹೋದ ಕೆಲವರ ಜೊತೆ) ಸೇರಿಕೊಂಡದ್ದು ಅರ್ಧ ದಾರಿಗಿಂತ ಮುಂಚೆಯೇ. ಐದಾರು ವಾರದ ಹಿಂದೆ ಕೈ ಮುರಿದುಕೊಂಡು ಮನೆಯೊಳಗೆ ಟ್ರೈನರ್ (ಸೈಕಲನ್ನು ನಿಂತಲ್ಲೇ ತುಳಿಯಲು ಬಿಡುವ ಸ್ಟ್ಯಾಂಡ್) ಮೇಲೆ ತುಳಿದು ತಯಾರಾಗಿದ್ದವನು ಕೊನೆಗೆ ರೇಸ್ ಮುಗಿಯುವ ವೆಲೊಡ್ರೋಮ್‌ನಲ್ಲಿ, ಅಂದರೆ ಸೈಕಲ್ ಟ್ರ್ಯಾಕಿನಲ್ಲಿ, ಈ ರೇಸಿನ ದೊಡ್ಡ ಹೆಸರಾದ ಟಾಮ್ ಬೂನೆನ್‌ನಂಥವನನ್ನೇ ಸ್ಪ್ರಿಂಟ್‌ನಲ್ಲಿ ಸೋಲಿಸಿದ. ಮಧ್ಯಾಹ್ನದಿಂದ ನೋಡಿದವರಿಗೆ ಅವನು ಯಾಕೆ ಇನ್ನೂ ಅಲ್ಲಿದ್ದಾನೆ ಅಂತ ಗೊತ್ತಿತ್ತು. ಕೊನೆಗೆ ಟಿವಿ ಹಾಕಿದವರಿಗೆ ಅವನು ಯಾರು ಅಂತಲೇ ಗೊತ್ತಾಗಿರಲಿಕ್ಕಿಲ್ಲ.

ಎರಡನೆಯದು ಮಹಿಳೆಯರ ಟೂರ್. 2022ರಲ್ಲಿ ಮತ್ತೆ ಶುರುವಾದ ಇದರ ಸ್ಟೇಜ್‌ಗಳು ಗಂಡಸರದ್ದಕ್ಕಿಂತ ಚಿಕ್ಕವು, ಕಾಲಹರಣ ಕಡಿಮೆ. ಆಫೀಸಿಗೆ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ದೊಡ್ಡ ರೇಸ್ ಇಲ್ಲ. 2024ರ ಕೊನೆಯ ಸ್ಟೇಜ್ ಆಲ್ಪ್ ದ್ಯುಯೆಜ್ ಮೇಲೆ ಮುಗಿಯಿತಲ್ಲ, 21 ತಿರುವಿನ 13.8 ಕಿಲೋಮೀಟರ್ ಏರು, ಅಲ್ಲಿ ಡೆಮಿ ವೊಲರಿಂಗ್ ಮುಂದೆ ಹೋಗುತ್ತಾ ಇದ್ದಾಳೆ, ಹಿಂದೆ ಹಳದಿ ಜೆರ್ಸಿಯ, ಅಂದರೆ ಅಲ್ಲಿಯವರೆಗೆ ಒಟ್ಟಾರೆ ಮುಂದಿದ್ದ, ಕಾಸಿಯಾ ನ್ಯೆವ್ಯಾದೊಮಾ ಹಲ್ಲು ಕಚ್ಚಿ ತುಳಿಯುತ್ತಾ ಇದ್ದಾಳೆ, ಟೂರ್ ಈಗ ಯಾರದ್ದು ಅನ್ನೋದು ಸೆಕೆಂಡುಗಳ ಲೆಕ್ಕಕ್ಕೆ ಬಂದು ನಿಂತಿತ್ತು. ಎಂಟು ಸ್ಟೇಜ್‌ನ ರೇಸಿನ ಕೊನೆಗೆ ನ್ಯೆವ್ಯಾದೊಮಾ ಗೆದ್ದಿದ್ದು 4 ಸೆಕೆಂಡ್‌ನಿಂದ. ಆ ಏರನ್ನು ಪೂರ್ತಿ ನೋಡದೆ ಆ 4 ಸೆಕೆಂಡ್ ಏನು ಅಂತ ತಿಳಿಯಲ್ಲ.

ಇನ್ನು ಗಂಡಸರ ಟೂರ್‌ನ ಸಮತಟ್ಟಾದ ಸ್ಟೇಜ್‌ಗಳು. ಹೆಲಿಕಾಪ್ಟರ್, ಸೂರ್ಯಕಾಂತಿ ಹೊಲ, ಕೋಟೆ, ಮತ್ತೊಂದು ಕೋಟೆ. ಇದನ್ನು ಪೂರ್ತಿ ನೋಡಲು ನನಗೆ ಗೊತ್ತಿರುವ ಒಂದೇ ಉಪಾಯ ಟ್ರೈನರ್. ಜುಲೈನಲ್ಲಿ ಇಲ್ಲಿ ಹೇಗೂ ಮಳೆ. ಸಂಜೆ ಟ್ರೈನರ್ ಮೇಲೆ ಕೂತು ಟಿವಿ ಹಾಕಿಕೊಂಡರೆ ಅವರದ್ದೂ ಆಗುತ್ತದೆ, ನಮ್ಮದೂ ಆಗುತ್ತದೆ. ಒಂದೇ ಎಚ್ಚರಿಕೆ, ಅವರು ಅಟ್ಯಾಕ್ ಮಾಡಿದಾಗ, ಅಂದರೆ ಇದ್ದಕ್ಕಿದ್ದಂತೆ ವೇಗ ಹೆಚ್ಚಿಸಿ ಮುಂದೆ ನುಗ್ಗಿದಾಗ, ಕಾಲು ತಾನಾಗೇ ಜೋರಾಗುತ್ತದೆ. ಕೋಚ್ ಹೇಳಿದ ನಿಧಾನದ ರೈಡ್ ಅಲ್ಲಿಗೆ ಕೆಟ್ಟ ಹಾಗೆ.

ಕೊನೆಯ ಒಂದು ಗಂಟೆ ಮಾತ್ರ ನೋಡುವುದು ಹೆಚ್ಚಿನವರು ಆಯ್ದುಕೊಳ್ಳುವ ದಾರಿ. ಮಿಲಾನ್–ಸಾನ್ ರೆಮೊಗೆ ಇದು ಹೇಳಿ ಮಾಡಿಸಿದ ಹಾಗಿದೆ. ಸುಮಾರು 290 ಕಿಲೋಮೀಟರ್ ರೇಸ್, ಆದರೆ ಹೊಡೆದಾಟ ನಡೆಯುವುದು ಚಿಪ್ರೆಸ್ಸ ಮತ್ತು ಪೊಜ್ಜೊ ಅನ್ನುವ ಎರಡು ಸಣ್ಣ ಏರುಗಳಲ್ಲಿ. 2025ರಲ್ಲಿ ಸ್ಲೊವೇನಿಯಾದ ತಾರೆ ಪೊಗಾಚಾರ್ ಚಿಪ್ರೆಸ್ಸದಲ್ಲೇ ಅಟ್ಯಾಕ್ ಮಾಡಿದಾಗ ಅವನ ಜೊತೆ ಉಳಿದುಕೊಂಡದ್ದು ವಾನ್ ಡೆರ್ ಪೂಲ್ ಮತ್ತು ಫಿಲಿಪ್ಪೊ ಗನ್ನಾ ಮಾತ್ರ. ಕೊನೆಗೆ ವಾನ್ ಡೆರ್ ಪೂಲ್ ಗೆದ್ದ. ಒಂದು ಗಂಟೆ ಕೂತರೆ ಇದೆಲ್ಲ ಸಿಕ್ಕಿಬಿಡುತ್ತದೆ.

ಇಲ್ಲಿ ನಮ್ಮಂಥ ಸವಾರರಿಗೆ ಒಂದು ಮಾತು. ಪೊಜ್ಜೊ 3.7 ಕಿಲೋಮೀಟರ್, ಸರಾಸರಿ ಏರು ಶೇಕಡಾ 4ಕ್ಕೂ ಕಮ್ಮಿ. ನಂದಿ ಅದರ ಎರಡರಷ್ಟು ಉದ್ದ, ಕಡಿದೂ ಜಾಸ್ತಿ, ಕೊನೆಯ ಭಾಗವಂತೂ ಕೇಳಲೇಬೇಡಿ. ಹಾಗಾಗಿ ಅಂಕಿ ನೋಡಿದರೆ ‘ಇಷ್ಟೇನಾ’ ಅನ್ನಿಸುತ್ತದೆ. ಅವರು ಅದನ್ನು ಆರು ನಿಮಿಷದೊಳಗೆ ಮುಗಿಸುತ್ತಾರೆ. ಅಂದರೆ ಗಂಟೆಗೆ 37 ಕಿಲೋಮೀಟರ್‌ಗಿಂತ ಜಾಸ್ತಿ ವೇಗ, ಅದೂ ಏರಿನಲ್ಲಿ, ಅದೂ ಆರು ಗಂಟೆ ತುಳಿದ ಮೇಲೆ. ಹೆಸರಘಟ್ಟದ ಸಮತಟ್ಟಾದ ರಸ್ತೆಯಲ್ಲಿ ಎದುರು ಗಾಳಿ ಇಲ್ಲದ ದಿನ ಒಬ್ಬನೇ ಆ ವೇಗ ಹಿಡಿದರೆ ನಾನು ಎರಡು ನಿಮಿಷಕ್ಕೆ ಸುಸ್ತು.

ಬೆಟ್ಟದ ಸ್ಟೇಜ್‌ಗಳಲ್ಲಿ ಮಾತ್ರ ಕೊನೆಯ ಒಂದು ಗಂಟೆ ಕೆಲವು ಸಲ ಕೈ ಕೊಡುತ್ತದೆ. 2022ರ ಟೂರ್, ಹನ್ನೊಂದನೇ ಸ್ಟೇಜ್, ಕೋಲ್ ಡು ಗ್ರಾನೊನ್. ಕೊನೆಯ ಐದು ಕಿಲೋಮೀಟರ್‌ನಲ್ಲಿ ಪೊಗಾಚಾರ್‌ನ ಎದುರಾಳಿ ವಿಂಗೆಗೋ ಎದ್ದು ಹೊರಟ, ಪೊಗಾಚಾರ್ ಜೆರ್ಸಿ ಜಿಪ್ ತೆರೆದುಕೊಂಡು ನಿಂತೇಬಿಟ್ಟ ಅನ್ನೋ ಹಾಗಾಯಿತು, ಹತ್ತಿರ ಹತ್ತಿರ ಮೂರು ನಿಮಿಷ ಕಳೆದುಕೊಂಡ. ಆ ಹೊತ್ತಿಗೆ ಟಿವಿ ಹಾಕಿದವರು ‘ಪಾಪ, ಇವತ್ತು ಅವನ ದಿನ ಅಲ್ಲ’ ಅಂದುಕೊಂಡರು. ನಿಜವಾದ ಕೆಲಸ ಅದಕ್ಕೂ ಬಹಳ ಮುಂಚೆ, ಟೆಲಿಗ್ರಾಫ್ ಮತ್ತು ಗಾಲಿಬಿಯೆ ಏರುಗಳಲ್ಲಿ ನಡೆದಿತ್ತು. ಅಲ್ಲಿ ಯುಂಬೊ ತಂಡದ ರೊಗ್ಲಿಚ್ ಒಮ್ಮೆ, ವಿಂಗೆಗೋ ಒಮ್ಮೆ, ಸರದಿಯ ಮೇಲೆ ಹೊಡೆಯುತ್ತಾ ಹೋದರು. ಪೊಗಾಚಾರ್ ಪ್ರತಿ ಸಲವೂ ತಾನೇ ಎದ್ದು ಬೆನ್ನಟ್ಟಿದ. ಅವನ ಪಕ್ಕ ತಂಡದವರು ಯಾರೂ ಉಳಿದಿರಲಿಲ್ಲ. ಭಾನುವಾರದ ಗುಂಪಿನ ರೈಡ್‌ನಲ್ಲಿ ಎಲ್ಲ ಅಟ್ಯಾಕಿಗೂ ಉತ್ತರ ಕೊಟ್ಟು ಕೊನೆಯ ಏರಿನಲ್ಲಿ ಕಾಲು ಹಿಡಿದುಕೊಂಡ ಯಾರಿಗಾದರೂ ಅದು ಅರ್ಥ ಆಗುತ್ತದೆ.

2025ರ ಜಿರೋದ ಇಪ್ಪತ್ತನೇ ಸ್ಟೇಜೂ ಹಾಗೇ. ಕೊಲ್ಲೆ ಡೆಲ್ಲೆ ಫಿನೆಸ್ತ್ರೆ ಏರಿನಲ್ಲಿ ಸೈಮನ್ ಯೇಟ್ಸ್ ಮುಂದೆ ಹೋದ. ಗುಲಾಬಿ ಜೆರ್ಸಿಯ, ಅಂದರೆ ಜಿರೋದಲ್ಲಿ ಒಟ್ಟಾರೆ ಮುಂದಿದ್ದ, ಡೆಲ್ ಟೊರೊ ಮತ್ತು ಕರಪಾಸ್ ‘ನೀನು ಎಳಿ, ನೀನು ಎಳಿ’ ಅಂತ ಒಬ್ಬರ ಮುಖ ಒಬ್ಬರು ನೋಡುತ್ತಾ ಉಳಿದರು. ಏರು ಇಳಿದ ಮೇಲೆ ಯೇಟ್ಸ್‌ಗೆ ಅಲ್ಲಿ ತನ್ನದೇ ತಂಡದ ವಾನ್ ಆರ್ಟ್ ಸಿಕ್ಕಿದ, ಅವನನ್ನು ಎಳೆದ, ಅಂದರೆ ಮುಂದೆ ತುಳಿಯುತ್ತಾ ಅವನಿಗೆ ಗಾಳಿ ತಡೆದ. ವಾನ್ ಆರ್ಟ್ ಅಲ್ಲಿ ಹೇಗೆ ಬಂದ? ಬೆಳಗಿನ ಬ್ರೇಕ್‌ಅವೇಯಲ್ಲಿ ತಂಡ ಅವನನ್ನು ಮುಂದೆ ಕಳಿಸಿತ್ತು. 2018ರಲ್ಲಿ ಇದೇ ಬೆಟ್ಟದಲ್ಲಿ ಗುಲಾಬಿ ಜೆರ್ಸಿ ಕಳೆದುಕೊಂಡಿದ್ದ ಯೇಟ್ಸ್ ಈ ಸಲ ಜಿರೋ ಗೆದ್ದ. ಹಾಗಾಗಿ ದೊಡ್ಡ ಬೆಟ್ಟದ ದಿನಗಳಲ್ಲಿ ನಾನು ಕೊನೆಯ ಏರು ನೋಡುವುದಿಲ್ಲ, ಅದರ ಹಿಂದಿನ ಏರಿನ ಬುಡದಿಂದ ನೋಡುತ್ತೇನೆ. ಗಂಟೆ ಒಂದಲ್ಲ, ಎರಡಾಗುತ್ತದೆ. ಪರವಾಗಿಲ್ಲ.

ಹೈಲೈಟ್ಸ್ ಬಗ್ಗೆ ನನಗೆ ಅಷ್ಟು ಒಳ್ಳೆಯ ಅಭಿಪ್ರಾಯ ಇಲ್ಲ. ಗ್ರಾನೊನ್ ದಿನದ್ದು ಏನು ಹೇಳಿದೆನೋ ಅದನ್ನು ಹತ್ತು ನಿಮಿಷಕ್ಕೆ ಹಿಂಡಿದರೆ ಉಳಿಯುವುದು ಒಬ್ಬ ಗೆದ್ದ, ಒಬ್ಬ ಸೋತ ಅಷ್ಟೇ. ಸೈಕಲ್ ರೇಸಿನಲ್ಲಿ ಸುಸ್ತು ಅನ್ನೋದು ನಿಧಾನವಾಗಿ ಸೇರುವ ವಸ್ತು, ಅದನ್ನು ಕತ್ತರಿಸಿ ತೋರಿಸಲು ಬರುವುದಿಲ್ಲ. ಸ್ಪ್ರಿಂಟ್ ಸ್ಟೇಜ್‌ಗೆ ಮಾತ್ರ ಸಾಕು. 2024ರಲ್ಲಿ ಮಾರ್ಕ್ ಕ್ಯಾವೆಂಡಿಶ್ ಟೂರ್‌ನಲ್ಲಿ ತನ್ನ ಜೀವಮಾನದ 35ನೇ ಸ್ಟೇಜ್ ಗೆಲುವು ಪಡೆದು ಎಡ್ಡಿ ಮರ್ಕ್ಸ್‌ನ ದಾಖಲೆ ಮುರಿದದ್ದನ್ನು ಹೈಲೈಟ್ಸ್‌ನಲ್ಲಿ ನೋಡಿದರೂ ಖುಷಿಗೆ ಮೋಸವಿಲ್ಲ. ಆದರೆ ಕೊನೆಯ ಮೂರು ಕಿಲೋಮೀಟರ್ ಒಂದೂ ಕಟ್ ಇಲ್ಲದೆ ಹೆಲಿಕಾಪ್ಟರ್‌ನಿಂದ ತೋರಿಸುವ ವಿಡಿಯೊ ಸಿಕ್ಕಿದರೆ ಅದನ್ನೇ ನೋಡಿ. ಯಾರ ಚಕ್ರದ ಹಿಂದೆ ಯಾರು ಕೂತರು ಅನ್ನೋದರಲ್ಲೇ ಅರ್ಧ ರೇಸ್ ಇದೆ.

ಹೈಲೈಟ್ಸ್ ನೋಡುವವರ ಇನ್ನೊಂದು ತೊಂದರೆ ವಾಟ್ಸ್‌ಆ್ಯಪ್ ಗುಂಪು. ನಮ್ಮ ಸೈಕ್ಲಿಂಗ್ ಗುಂಪಿನಲ್ಲಿ ಒಬ್ಬ ಮಹಾನುಭಾವ ಇದ್ದಾನೆ, ಫಿನಿಶ್ ಆಗಿ ಅರ್ಧ ನಿಮಿಷಕ್ಕೆ ಗೆದ್ದವನ ಫೋಟೊ ಹಾಕುತ್ತಾನೆ. ಟೂರ್ ನಡೆಯುವ ಮೂರು ವಾರ ಆ ಗುಂಪು ಮ್ಯೂಟ್.

ಈಗ ಯಾರೂ ಗಂಭೀರವಾಗಿ ತೆಗೆದುಕೊಳ್ಳದ ದಾರಿ: ಬರೀ ಅಕ್ಷರದ ಲೈವ್ ಅಪ್‌ಡೇಟ್. ಇಷ್ಟು ಕಿಲೋಮೀಟರ್ ಬಾಕಿ, ಮುಂದೆ ಇಂಥವರು, ಅಂತರ ಇಷ್ಟು. ವಿಡಿಯೊ ಇಲ್ಲ, ಚಂದಾ ಇಲ್ಲ, ಡೇಟಾ ಖರ್ಚೂ ಇಲ್ಲ. ಆಫೀಸಿನ ಸಂಜೆ ಮೀಟಿಂಗ್‌ಗೆ ಇದಕ್ಕಿಂತ ಒಳ್ಳೆಯ ಸಂಗಾತಿ ಸಿಗುವುದಿಲ್ಲ. ಇದರ ಮಜಾ ಲೆಕ್ಕದಲ್ಲಿದೆ. ಫ್ರಾನ್ಸಿನ ರೋಬೇರ್ ಶಪಾತ್ ಅನ್ನುವ ವೀಕ್ಷಕ ವಿವರಣೆಗಾರರ ಹೆಸರಿನಲ್ಲಿ ಒಂದು ಹಳೇ ಸೂತ್ರ ಇದೆ: ಪೆಲೊಟಾನ್ (ಹಿಂದಿನ ದೊಡ್ಡ ಗುಂಪು) ಮನಸ್ಸು ಮಾಡಿದರೆ ಪ್ರತಿ 10 ಕಿಲೋಮೀಟರ್‌ಗೆ ಒಂದು ನಿಮಿಷ ಹಿಂದಕ್ಕೆ ಪಡೆಯುತ್ತದೆ. 30 ಕಿಲೋಮೀಟರ್ ಬಾಕಿ, ಅಂತರ ಎರಡು ನಿಮಿಷ ಅಂದರೆ ಮುಂದಿದ್ದವರ ಕಥೆ ಮುಗಿಯಿತು. 20 ಬಾಕಿ, ಅಂತರ ಮೂರು ಅಂದರೆ ಮೀಟಿಂಗ್‌ನಿಂದ ಏನಾದರೂ ನೆಪ ಹೇಳಿ ಎದ್ದು ಬನ್ನಿ.

ಅಕ್ಷರದ ಅಪ್‌ಡೇಟ್‌ಗೆ ನನ್ನ ಮಟ್ಟಿಗೆ ಶ್ರೇಷ್ಠ ದಿನ ಟೋಕಿಯೊ ಒಲಿಂಪಿಕ್ಸ್‌ನ ಮಹಿಳೆಯರ ರೋಡ್ ರೇಸ್. 2021ರ ಜುಲೈ 25, ಭಾನುವಾರ, ನಮಗೆ ಮಧ್ಯಾಹ್ನದ ಊಟದ ಹೊತ್ತು. ಆಸ್ಟ್ರಿಯಾದ ಆನ್ನಾ ಕೀಸೆನ್‌ಹೋಫರ್, ಗಣಿತದಲ್ಲಿ ಡಾಕ್ಟರೇಟ್ ಮಾಡಿದವಳು, ಶುರುವಿನಲ್ಲೇ ಮುಂದೆ ಹೋಗಿದ್ದಳು. ಒಲಿಂಪಿಕ್ಸ್‌ನಲ್ಲಿ ಸವಾರರಿಗೆ ತಂಡದ ಜೊತೆ ಮಾತಾಡಲು ರೇಡಿಯೊ ಇಲ್ಲ. ಹಿಂದಿನ ಗುಂಪು ಅವಳ ಜೊತೆಗಿದ್ದ ಉಳಿದಿಬ್ಬರನ್ನು ಹಿಡಿದು ‘ಎಲ್ಲ ಮುಗಿಯಿತು’ ಅಂದುಕೊಂಡಿತು. ಎರಡನೆಯವಳಾಗಿ ಬಂದ ವಾನ್ ವ್ಲೂಟೆನ್ ಚಿನ್ನ ಗೆದ್ದೆ ಅಂತ ಕೈ ಎತ್ತಿದಳು. ಬೆಂಗಳೂರಿನಲ್ಲಿ ಅನ್ನ ಸಾರು ಊಟ ಮಾಡುತ್ತಾ ಫೋನ್ ನೋಡುತ್ತಿದ್ದವನಿಗೆ ಗೊತ್ತಿದ್ದ ವಿಷಯ ರಸ್ತೆಯಲ್ಲಿದ್ದ ವಿಶ್ವ ಚಾಂಪಿಯನ್‌ಗಳಿಗೆ ಗೊತ್ತಿರಲಿಲ್ಲ ಅಂದರೆ ಅದೆಂಥ ಮಜಾ ನೋಡಿ.

ಪಾಡ್‌ಕಾಸ್ಟ್ ಅಡುಗೆ ಮನೆಗೆ, ಬಸ್ಸಿಗೆ ಸರಿ. ಸೈಕಲ್ ಮೇಲೆ ಕಿವಿ ಮುಚ್ಚಿಕೊಂಡು ಕೇಳಬೇಡಿ, ನಮ್ಮ ರಸ್ತೆಗಳು ಗೊತ್ತಲ್ಲ.

ರಸ್ತೆ ಬದಿಯಲ್ಲಿ ನಿಂತು ನೋಡುವುದು ಕನಸಿನ ವಿಷಯ ಅಂತ ಎಲ್ಲರೂ ಹೇಳುತ್ತಾರೆ. ಕೆಲಸದ ಮೇಲೆ ನೆದರ್ಲೆಂಡ್ಸ್‌ಗೆ ಹೋಗಿದ್ದಾಗ 2019ರ ಆಮ್‌ಸ್ಟೆಲ್ ಗೋಲ್ಡ್ ರೇಸ್‌ಗೆ ವಾಲ್ಕನ್‌ಬರ್ಗ್‌ನ ಕೌಬರ್ಗ್ ಏರಿನಲ್ಲಿ ನಿಂತಿದ್ದೆ. ಮಹಿಳೆಯರ ರೇಸ್ ಅದೇ ಏರಿನಲ್ಲಿ ತೀರ್ಮಾನ ಆಯಿತು. ನ್ಯೆವ್ಯಾದೊಮಾ ಕಣ್ಣೆದುರೇ ಅಟ್ಯಾಕ್ ಮಾಡಿಕೊಂಡು ಹೋದಳು. ಉಸಿರು ಕೇಳಿಸುವಷ್ಟು ಹತ್ತಿರ. ಟಿವಿಯಲ್ಲಿ ಆ ಏರು ಎಷ್ಟು ಕಡಿದು ಅಂತ ಗೊತ್ತೇ ಆಗುವುದಿಲ್ಲ. ಗಂಡಸರ ರೇಸ್‌ನಲ್ಲಿ ಮಾತ್ರ ಕೊನೆಯ ಸುತ್ತಿಗೆ ಕೌಬರ್ಗ್ ಇರಲಿಲ್ಲ. ಅವರು ಹೋದ ಮೇಲೆ ನಾವೆಲ್ಲ ಇನ್ನೊಬ್ಬರ ಫೋನಿಗೆ ಕತ್ತು ಚಾಚಿ ನಿಂತೆವು. ಅಲಾಫಿಲಿಪ್ ಮತ್ತು ಫುಗಲ್‌ಸಾಂಗ್ ಮುಂದೆ, ಗೆಲುವು ಅವರಲ್ಲಿ ಒಬ್ಬರದ್ದು ಅಂತ ಎಲ್ಲರೂ ನಂಬಿದ್ದಾಗ ವಾನ್ ಡೆರ್ ಪೂಲ್ ಹಿಂದಿನಿಂದ ಒಂದು ಗುಂಪನ್ನೇ ಎಳೆದುಕೊಂಡು ಬಂದು ಗೆದ್ದುಬಿಟ್ಟ. ಊರೇ ಕಿರುಚಿತು. ನಾನು ಅಷ್ಟು ಹತ್ತಿರ ಇದ್ದೂ ಅದನ್ನು ಅಂಗೈ ಅಗಲದ ಪರದೆಯಲ್ಲಿ ನೋಡಿದೆ. ಆದರೂ ಅವಕಾಶ ಸಿಕ್ಕರೆ ಹೋಗಿ. ಒಂದೇ ಏರನ್ನು ಹಲವು ಸಲ ಹತ್ತುವ ಇಂಥ ರೇಸ್ ಆರಿಸಿಕೊಳ್ಳಿ. ಟೂರ್‌ನ ಸಮತಟ್ಟಾದ ಸ್ಟೇಜ್‌ಗೆ ನಿಂತರೆ ಗಂಟೆಗಟ್ಟಲೆ ಕಾದು ಕೆಲವು ಸೆಕೆಂಡ್ ನೋಡುತ್ತೀರಿ.

ನಮ್ಮ ವಿಜಯಪುರ, ಬಾಗಲಕೋಟೆ ಕಡೆ ರಸ್ತೆ ಬದಿ ನಿಂತು ಸೈಕಲ್ ರೇಸ್ ನೋಡುವ ಅಭ್ಯಾಸ ಮೊದಲಿಂದ ಇದೆ. ಅವರಿಗೆ ಇದನ್ನೆಲ್ಲ ನಾನು ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ನಾನು ಮಾಡುವುದೇನು? ವಾರದ ದಿನ ಅಪ್‌ಡೇಟ್ ಓದುತ್ತಾ ಇರುವುದು, ಅಂತರದ ಲೆಕ್ಕ ಕುತೂಹಲ ಹುಟ್ಟಿಸಿದರೆ ಟಿವಿ ಹಾಕುವುದು. ಬೆಟ್ಟದ ದಿನ ಎರಡು ಗಂಟೆ ಮೊದಲೇ ಕೂರುವುದು. ರೂಬೆ ಮತ್ತು ಅದರ ಹಿಂದಿನ ಭಾನುವಾರ ಬೆಲ್ಜಿಯಂನಲ್ಲಿ ನಡೆಯುವ ಫ್ಲಾಂಡರ್ಸ್ ರೇಸ್‌ಗೆ ಬೇರೆ ಯಾವ ಕಾರ್ಯಕ್ರಮವನ್ನೂ ಒಪ್ಪಿಕೊಳ್ಳುವುದಿಲ್ಲ, ಮನೆಯವರಿಗೂ ಇದು ಗೊತ್ತು. ಸ್ಪ್ರಿಂಟ್ ಸ್ಟೇಜ್ ಮಾರನೇ ದಿನದ ಹೈಲೈಟ್ಸ್‌ಗೆ. ಜನವರಿಯಲ್ಲಿ ಅಡಿಲೇಡ್‌ನ ಟೂರ್ ಡೌನ್ ಅಂಡರ್ ಬಂದಾಗ ಮಾತ್ರ ಪೇಚು. ಅದು ನಮ್ಮ ಬೆಳಗಿನ ಹೊತ್ತಿಗೇ ನಡೆಯುತ್ತದೆ, ಸರಿಯಾಗಿ ನಂದಿ ಬುಡದಲ್ಲಿರಬೇಕಾದ ಸಮಯ. ಜನವರಿಯ ಬೆಂಗಳೂರಿನ ಚಳಿ, ಮಂಜು, ಒಣ ರಸ್ತೆ ಬಿಟ್ಟು ಟಿವಿ ಮುಂದೆ ಕೂರುವ ಪ್ರಶ್ನೆಯೇ ಇಲ್ಲ. ಅಲ್ಲಿನ ವಿಲ್ಲುಂಗ ಏರನ್ನು ಯಾರು ಗೆದ್ದರು ಅಂತ ತಿಂಡಿ ಹೋಟೆಲಿನಲ್ಲಿ ಇಡ್ಲಿ ಬರುವಷ್ಟರಲ್ಲಿ ನೋಡಿಕೊಂಡರಾಯಿತು.