ಸಾದಾ ಪ್ಲಾಸ್ಟಿಕ್ ಪಾಟಿ ಚೇರ್: ಕಕ್ಕ ತಡೆದಿಟ್ಟುಕೊಳ್ಳುವ ಮಗುವಿಗೆ ತಗೋಬಹುದಾ?

ತಗೋಬಹುದು. ಆದರೆ ಮಲಬದ್ಧತೆ ವಾಸಿ ಮಾಡುತ್ತದೆ ಅಂದುಕೊಂಡು ತಗೋಬೇಡಿ. ಅದು ಯಾವ ಪಾಟಿ ಚೇರ್ ಕೈಲೂ ಆಗುವ ಕೆಲಸವಲ್ಲ, ಡಬ್ಬದ ಮೇಲೆ ಏನೇ ಬರೆದಿರಲಿ.

ನಾನು ಹೇಳುತ್ತಿರುವುದು ಪ್ಲಾಸ್ಟಿಕ್ ಸಾಮಾನಿನ ಅಂಗಡಿಯಲ್ಲಿ ಬಕೆಟ್, ಮಗ್ ಪಕ್ಕ ಇಟ್ಟಿರುತ್ತಾರಲ್ಲ, ಆ ಗಿಡ್ಡ ಚೇರ್ ಬಗ್ಗೆ. ಬ್ರ್ಯಾಂಡ್ ಇಲ್ಲ. 300 ರೂಪಾಯಿ ಚಿಲ್ಲರೆ. ಹಿಂದೆ ಒರಗಲು ಬೆನ್ನು, ಒಳಗೆ ಎತ್ತಿ ತೆಗೆಯುವ ಬಟ್ಟಲು, ಮೇಲೊಂದು ಮುಚ್ಚಳ, ಅಷ್ಟೇ.

ನಮ್ಮ ಮನೆಯ ಗಿರಾಕಿಗೆ ಎರಡೂವರೆ ವರ್ಷ. ಸುಸ್ಸು ಸುಲಭವಾಗಿ ಕಲಿತಳು. ಕಕ್ಕ ಬಂದರೆ ಮಾತ್ರ ಪರದೆ ಹಿಂದೆ ಹೋಗಿ, ತುದಿಗಾಲಲ್ಲಿ ನಿಂತು, ಕಾಲು ಹೆಣೆದುಕೊಂಡು, ಮುಖ ಕೆಂಪಗೆ ಮಾಡಿಕೊಂಡು ಬಿಗಿ ಹಿಡಿಯುತ್ತಿದ್ದಳು. ನೋಡಿದವರೆಲ್ಲ "ಪಾಪ, ತಿಣುಕ್ತಿದೆ ಮಗು" ಅನ್ನುವರು. ತಿಣುಕುವುದಲ್ಲ ಅದು, ತಡೆಯುವುದು.

ಒಂದು ಸಲ ಗಟ್ಟಿಯಾಗಿ ಹೋಗಿ ನೋವಾದರೆ ಸಾಕು, ಮುಂದಿನ ಸಲ ಮಗು ತಡೆಯುತ್ತದೆ. ತಡೆದಷ್ಟೂ ದೊಡ್ಡ ಕರುಳು ನೀರು ಹೀರಿಕೊಳ್ಳುತ್ತದೆ, ಇನ್ನೂ ಗಟ್ಟಿಯಾಗುತ್ತದೆ, ಇನ್ನೂ ನೋಯುತ್ತದೆ. ಹೀಗೇ ಬಹಳ ದಿನ ನಡೆದರೆ ಗುದನಾಳ ಹಿಗ್ಗಿ, ಬರ್ತಿದೆ ಅನ್ನುವುದೇ ಮಗುವಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ಆಮೇಲೆ ಗಟ್ಟಿ ಉಂಡೆಯ ಪಕ್ಕದಿಂದ ತೆಳ್ಳಗೆ ಸೋರಿ ಚಡ್ಡಿಗೆ ಅಂಟುತ್ತದೆ. ಮನೆಯವರು ಭೇದಿ ಅಂದುಕೊಂಡು ಭೇದಿ ನಿಲ್ಲಿಸುವ ಔಷಧಿ ಕೊಡುತ್ತಾರೆ. ಪೂರ್ತಿ ಉಲ್ಟಾ!

ಹಾಗಾಗಿ ಚೇರ್‌ಗಿಂತ ಮೊದಲು ಮಕ್ಕಳ ಡಾಕ್ಟರ್. ಸಾಮಾನ್ಯವಾಗಿ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ, ಇಲ್ಲಾಂದ್ರೆ ಲ್ಯಾಕ್ಟುಲೋಸ್ ಸಿರಪ್ ಬರೆದುಕೊಡುತ್ತಾರೆ. ಎರಡೂ ಕರುಳಿನಲ್ಲಿ ನೀರು ಉಳಿಯುವಂತೆ ಮಾಡಿ ಮೆತ್ತಗಾಗಿಸುತ್ತವೆ. ಎಷ್ಟು ಕೊಡಬೇಕು ಅನ್ನುವುದನ್ನು ಡಾಕ್ಟರೇ ಹೇಳಬೇಕು, ಪಕ್ಕದ ಮನೆಯವರಲ್ಲ. ನಮ್ಮಲ್ಲಿ ನಾಲ್ಕು ದಿನ ಸರಿಹೋದ ಕೂಡಲೇ "ಅಭ್ಯಾಸ ಆಗಿಬಿಡುತ್ತೆ" ಅಂತ ಬಾಟಲಿ ಎತ್ತಿಡುವವರೇ ಜಾಸ್ತಿ. ಯುರೋಪ್ ಮತ್ತು ಉತ್ತರ ಅಮೆರಿಕದ ಮಕ್ಕಳ ಜೀರ್ಣಾಂಗ ತಜ್ಞರ ಸಂಘಗಳು 2014ರಲ್ಲಿ ಒಟ್ಟಿಗೆ ತಂದ ಮಾರ್ಗಸೂಚಿಯಲ್ಲಿ ಕನಿಷ್ಠ 2 ತಿಂಗಳು ಕೊಡಿ, ನಿಧಾನವಾಗಿ ಇಳಿಸಿ ಅಂತಿದೆ. ಪಾಟಿ ಕಲಿಯುತ್ತಿರುವ ಮಗುವಾದರೆ ಕಲಿತು ಮುಗಿಯುವ ತನಕ ನಿಲ್ಲಿಸಬೇಡಿ ಅಂತಲೂ ಇದೆ.

ನಮ್ಮ ಅತ್ತೆ ವೀಳ್ಯದೆಲೆ ತೊಟ್ಟಿಗೆ ಹರಳೆಣ್ಣೆ ಸವರಿ ಇಡೋಣ ಅಂದರು. ಬೇಡ ಅಂದೆ. ಅಲ್ಲಿ ಮುಟ್ಟಿದರೇ ಕಿರುಚುವ ಮಗುವಿಗೆ ಅಲ್ಲೇ ಏನೋ ಇಟ್ಟರೆ ಭಯ ಕಮ್ಮಿಯಾಗುತ್ತದಾ? ಆದರೆ ಅವರ ಇನ್ನೊಂದು ಪದ್ಧತಿಗೆ ಫುಲ್ ಮಾರ್ಕ್ಸ್. ಕಾಲು ಚಾಚಿ ಕೂತು, ಎರಡು ಪಾದಗಳ ಮೇಲೆ ಮಗುವನ್ನು ಕೂರಿಸಿಕೊಳ್ಳುತ್ತಿದ್ದರಲ್ಲ ಹಿಂದಿನವರು, ಅದರಲ್ಲಿ ವಿಷಯ ಇದೆ. ಮಂಡಿ ಮೇಲೆ ಬಂದು ಕುಕ್ಕರುಗಾಲಿನ ಹಾಗಾದಾಗ ಗುದನಾಳವನ್ನು ಹಿಡಿದು ಬಾಗಿಸಿಟ್ಟ ಸ್ನಾಯು ಸಡಿಲವಾಗುತ್ತದೆ, ದಾರಿ ನೇರವಾಗುತ್ತದೆ.

ಈ ಗಿಡ್ಡ ಚೇರ್ ಗೆಲ್ಲುವುದು ಇಲ್ಲೇ. ಪಾದ ಪೂರ್ತಿ ನೆಲಕ್ಕೆ ಊರುತ್ತದೆ, ಮಂಡಿ ಸೊಂಟಕ್ಕಿಂತ ಸ್ವಲ್ಪ ಮೇಲಿರುತ್ತದೆ. ಕಮೋಡ್ ಮೇಲೆ ಇಡುವ ರಿಂಗ್ ನಮ್ಮಲ್ಲೂ ಇತ್ತು. ಅದರಲ್ಲಿ ಕಾಲು ಗಾಳಿಯಲ್ಲಿ ತೂಗಾಡುತ್ತದೆ, ಬಿದ್ದುಬಿಡ್ತೀನಿ ಅಂತ ಮಗು ಮೈಯೆಲ್ಲಾ ಬಿಗಿ ಮಾಡುತ್ತದೆ. ಬಿಗಿ ಬಿಡಿಸಬೇಕಾದ ಜಾಗದಲ್ಲಿ ಇದು ಬೇಕಿತ್ತಾ! ಏಣಿ ಇರುವ ರಿಂಗ್ ಬರುತ್ತದೆ, ಆದರೆ ನಮ್ಮ ಒದ್ದೆ ಬಾತ್‌ರೂಮ್ ನೆಲದಲ್ಲಿ ಅದು ಅಲ್ಲಾಡುತ್ತದೆ. ಹಾಡು ಹೇಳುವ ಪಾಟಿ ಅಂತ ಇನ್ನೊಂದು. ಹನಿ ಬಿದ್ದ ಕೂಡಲೇ ಟ್ಯೂನ್ ಶುರು. ಸಂಬಂಧಿಕರ ಮನೆಯಲ್ಲಿ ನೋಡಿದೆ, ಮಗು ಬೆಚ್ಚಿಬಿದ್ದು ಅರ್ಧಕ್ಕೇ ಎದ್ದು ಓಡಿತು.

ನಮ್ಮ ಚೇರ್‌ನಲ್ಲೂ ಕೊರತೆ ಇದೆ. ಬಟ್ಟಲಿಗೆ ಹಿಡಿ ಇಲ್ಲ, ತುಂಬಿದ್ದನ್ನು ಎತ್ತುವಾಗ ಬೆರಳು ಎಲ್ಲಿಡುವುದು ಅಂತ ಪ್ರತಿ ಸಲ ಯೋಚನೆ. ಅಂಚಿನ ಸಂದಿಯಲ್ಲಿ ಕೊಳೆ ಕೂರುತ್ತದೆ, ಹಳೇ ಟೂತ್‌ಬ್ರಶ್ ಒಂದು ಅದಕ್ಕೇ ಮೀಸಲು. ಹಗುರ ಬೇರೆ, ಮಗು ಎದ್ದರೆ ಚೇರೂ ಅಂಡಿಗೆ ಅಂಟಿಕೊಂಡು ಏಳುತ್ತದೆ (ಮಗಳಿಗೆ ಇದೇ ದೊಡ್ಡ ಜೋಕ್). ಟೈಲ್ಸ್ ಮೇಲೆ ಜಾರುತ್ತಿತ್ತು, ಹಳೇ ಯೋಗ ಮ್ಯಾಟ್ ಕತ್ತರಿಸಿ ಕೆಳಗೆ ಹಾಸಿದ್ದೇವೆ.

ಇನ್ನು ಬಳಸುವುದು. ಊಟ ಆದಮೇಲೆ ಕರುಳು ತಾನಾಗಿಯೇ ಚುರುಕಾಗುತ್ತದೆ, ಆಗ ಒಂದು 5 ನಿಮಿಷ ಕೂರಿಸಿ. ಬರದಿದ್ದರೆ ಎಬ್ಬಿಸಿಬಿಡಿ. ಬೈಯಬೇಡಿ, ಅತ್ತರೆ ಹಿಡಿದು ಕೂರಿಸಬೇಡಿ. ಜಾತ್ರೆ ಪೀಪಿ ಕೊಟ್ಟು ಊದಿಸಿದರೆ ಹೊಟ್ಟೆಯ ಸ್ನಾಯು ತಾನೇ ಒತ್ತುತ್ತದೆ, ನಮಗೆ ಇದು ಚೇರ್‌ಗಿಂತ ಜಾಸ್ತಿ ಕೆಲಸ ಮಾಡಿತು. ಡೈಪರ್ ಹಾಕಿದರೇ ಮಾಡ್ತೀನಿ ಅಂದರೆ ಹಾಕಿ, ತಡೆದಿಡುವುದಕ್ಕಿಂತ ಅದೇ ವಾಸಿ. ಮೊದಲು ಡೈಪರ್‌ನಲ್ಲೇ ಬಾತ್‌ರೂಮಿಗೆ, ಆಮೇಲೆ ಡೈಪರ್ ಹಾಕಿಕೊಂಡೇ ಚೇರ್ ಮೇಲೆ, ಕೊನೆಗೆ ಡೈಪರ್ ಇಲ್ಲದೆ. ನರ್ಸರಿ ಸೇರಿಸಬೇಕು ಅಂತ ಅವಸರ ಮಾಡಿದಷ್ಟೂ ಇದು ಹಿಂದೆ ಹೋಗುತ್ತದೆ. ದಿನವಿಡೀ ಹಾಲು ಕುಡಿದು ಊಟ ಬಿಡುವ ಮಗುವಾದರೆ ಹಾಲು ಕಮ್ಮಿ ಮಾಡಿ. ಪಪ್ಪಾಯ, ನೆನೆಸಿದ ಒಣದ್ರಾಕ್ಷಿ, ಸೊಪ್ಪಿನ ಸಾರು, ನೀರು, ಇವೆಲ್ಲ ಗೊತ್ತಿರುವುದೇ.

ಹೊಟ್ಟೆ ಉಬ್ಬಿದ್ದರೆ, ವಾಂತಿ, ಜ್ವರ ಇದ್ದರೆ, ರಕ್ತ ಹೋಗುತ್ತಿದ್ದರೆ, ಹುಟ್ಟಿದಾಗಿನಿಂದಲೇ ಹೀಗಿದ್ದರೆ ಈ ವಿಮರ್ಶೆ ಬಿಟ್ಟು ಆಸ್ಪತ್ರೆಗೆ ಹೊರಡಿ.

ಐದಕ್ಕೆ ಮೂರೂವರೆ ಸ್ಟಾರ್. ಆನ್‌ಲೈನ್ ಫೋಟೋದಲ್ಲಿ ಎತ್ತರ ಗೊತ್ತಾಗುವುದಿಲ್ಲ, ಮಗುವನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ಚಪ್ಪಲಿ ಬಿಚ್ಚಿ ಕೂರಿಸಿ ನೋಡಿ. ಹಿಮ್ಮಡಿ ನೆಲ ಮುಟ್ಟಲಿಲ್ಲವಾ, ಬಣ್ಣ ಎಷ್ಟೇ ಚೆನ್ನಾಗಿರಲಿ, ವಾಪಸ್ ಇಟ್ಟು ಬನ್ನಿ.